ಮೇನ್ ಹಾಕಿದವಳು

ತರಬೇತಿಗೆ ಸೇರಿ ಒಂದು ವರ್ಷವಾದರೂ ಮಿಣುಕಿಗೆ ಒಂದೇ ಒಂದು ಸ್ವಿಚ್ಚು ಜೋಡಿಸಲು ಬಿಟ್ಟಿರಲಿಲ್ಲ. ಗೋಡೆ ಕೊರೆದಿದ್ದಳು. ಪೈಪು ಹೊತ್ತಿದ್ದಳು. ಕಸ ಗುಡಿಸಿದ್ದಳು. ಹೆಸರಿಗೆ ಮಾತ್ರ ಎಲೆಕ್ಟ್ರಿಷಿಯನ್ ತರಬೇತಿ.

ಮಿಣುಕಿ ಅನ್ನುವುದು ಅವಳ ನಿಜವಾದ ಹೆಸರಲ್ಲ. ಹುಟ್ಟಿದಾಗ ಕಣ್ಣು ಪಿಳಿಪಿಳಿ ಬಿಡುತ್ತಿದ್ದಳೆಂದು ಅಪ್ಪ ಕರೆದದ್ದು, ಹಾಗೇ ಉಳಿಯಿತು. ಅಪ್ಪ ಚರಂಡಿಗೆ ಇಳಿಯುವವನು. ಒಂದು ಬೆಳಿಗ್ಗೆ ಇಳಿದವನು ಹೆಣವಾಗಿ ಮೇಲೆ ಬಂದ. ಅಮ್ಮ ತರಬೇತಿ ಕೇಂದ್ರದಲ್ಲೇ ಕಸ ಗುಡಿಸುವವಳು. ಅವರ ಬೀದಿಯಲ್ಲಿ ಎಲ್ಲರದೂ ಅದೇ ಕೆಲಸ, ಇಲ್ಲವೇ ಅದಕ್ಕೆ ಅಂಟಿಕೊಂಡ ಇನ್ನೊಂದು ಕೆಲಸ. ಊರಿನವರು ಆ ಬೀದಿಗೆ ಗಟಾರದ ಸಾಲು ಎಂದೇ ಹೆಸರಿಟ್ಟಿದ್ದರು. ಅಲ್ಲಿಂದ ಬಂದವರಿಗೆ ಯಾರೂ ಬೇರೆ ಕೆಲಸ ಕೊಡುತ್ತಿರಲಿಲ್ಲ. ಇವರೂ ಕೇಳುತ್ತಿರಲಿಲ್ಲ.

ಮಿಣುಕಿ ಕೇಳಿದಳು. ಇಪ್ಪತ್ತಾರನೇ ವಯಸ್ಸಿನಲ್ಲಿ ಅರ್ಜಿ ಹಾಕಿ, ಪರೀಕ್ಷೆ ಬರೆದು, ಪಾಸಾದಳು. ಕೇಂದ್ರದ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಒಂಬತ್ತನೇ ಹೆಸರು ಅವಳದು. ಅದೇ ಗೋಡೆಯ ಬುಡದಲ್ಲಿ ಅಮ್ಮ ಗುಡಿಸುತ್ತಿದ್ದಳು. ಅವಳಿಗೆ ಓದು ಬಾರದು. ಮಗಳ ಹೆಸರು ಯಾವುದೆಂದು ಗುಮಾಸ್ತನನ್ನು ಕೇಳಿ ತಿಳಿದುಕೊಂಡಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಆ ಅಕ್ಷರಗಳನ್ನು ಮುಟ್ಟಿ ನೋಡಿದಳು.

ಮೊದಲ ದಿನ ಮೇಷ್ಟ್ರು ಹಾಜರಿ ಕೂಗಿದರು. ಒಂಬತ್ತನೇ ಹೆಸರಿಗೆ ತಲೆಯೆತ್ತಿದರು.

"ನಿಮ್ಮಮ್ಮ ಇಲ್ಲೇ ಕಸ ಹೊಡಿಯೋದಲ್ವಾ?"

"ಹೌದು ಸಾರ್."

"ಒಳ್ಳೇದಾಯ್ತು ಬಿಡು. ವರ್ಕ್‌ಶಾಪ್ ಗುಡಿಸೋಕೆ ಜನ ಸಾಲ್ತಾ ಇರ್ಲಿಲ್ಲ. ನಿಂಗೆ ಕೈ ಪಳಗಿರೋ ಕೆಲಸ."

ತರಗತಿ ನಕ್ಕಿತು. ಅವಳು ಪೊರಕೆ ತಂದು ಗುಡಿಸಿದಳು. ಇವತ್ತೊಂದು ದಿನ ಅಂದುಕೊಂಡಳು. ಮಾರನೇ ದಿನವೂ ಪೊರಕೆ ಕಾದಿತ್ತು. ಅದರ ಮಾರನೇ ದಿನವೂ.

ಅಮ್ಮನಿಗೆ ಇದು ಗೊತ್ತಾಯಿತು. ಅವಳು ಒಂದು ಗಂಟೆ ಮುಂಚೆ ಹೋಗಿ, ವರ್ಕ್‌ಶಾಪನ್ನು ತಾನೇ ಗುಡಿಸಿ ಒರೆಸಿ ಲಕಲಕ ಅನ್ನಿಸತೊಡಗಿದಳು. ಮಗಳಿಗೆ ಕಸ ಉಳಿಯಬಾರದು, ಅಷ್ಟೇ ಅವಳ ಲೆಕ್ಕ. ಮೂರು ದಿನ ನಡೆಯಿತು. ನಾಲ್ಕನೇ ದಿನ ಮೇಷ್ಟ್ರು ನೆಲ ನೋಡಿದರು, ಅವಳನ್ನು ನೋಡಿದರು. ಮೇಜಿನ ಮೇಲಿದ್ದ ವೈರಿನ ಚೂರುಗಳ ಡಬ್ಬಿಯನ್ನು ಅಂಗೈಯಿಂದ ತಳ್ಳಿ ಕೆಳಗೆ ಕೆಡವಿದರು.

"ಹೂಂ, ಆರಿಸು."

ಅವಳು ಮಂಡಿಯೂರಿ ಆರಿಸಿದಳು. ಉಳಿದವರು ಅವಳ ತಲೆಯ ಮೇಲೆ ಬೋರ್ಡು ಜೋಡಿಸುವುದನ್ನು ಕಲಿತರು.

ಇಬ್ಬರಿಗೆ ಒಂದು ಸಾಮಾನಿನ ಪೆಟ್ಟಿಗೆ. ಅವಳ ಜೊತೆ ಯಾರೂ ಜೋಡಿಯಾಗಲಿಲ್ಲ. "ಗಟಾರ ಬರ್ತಿದೆ, ಮೂಗು ಮುಚ್ಕೊಳ್ರೋ" ಅನ್ನುವುದು ದಿನದ ತಮಾಷೆ. ಅವಳು ಬೆಳಿಗ್ಗೆ ಎರಡು ಸಲ ಸೋಪು ಹಾಕಿ ಮೈ ತಿಕ್ಕುತ್ತಿದ್ದಳು. ಮೊಣಕೈ ಚರ್ಮ ಸುಲಿದಿತ್ತು. ಆಮೇಲೆ ತಿಕ್ಕುವುದನ್ನು ನಿಲ್ಲಿಸಿದಳು. ಅವರು ಹೇಳುವ ವಾಸನೆ ಮೈಯಲ್ಲಿದ್ದರಲ್ಲವೇ ಹೋಗುವುದು.

ಕಲಿತದ್ದು ಪುಸ್ತಕದಿಂದ, ಮತ್ತು ಬೇರೆಯವರ ಭುಜದ ಸಂದಿಯಿಂದ. ಹಿತ್ತಲಲ್ಲಿ ಬಿಸಾಕಿದ್ದ ಹಳೆಯ ಬೋರ್ಡೊಂದನ್ನು ಊಟದ ಹೊತ್ತಿನಲ್ಲಿ ಬಿಚ್ಚುತ್ತಿದ್ದಳು, ಜೋಡಿಸುತ್ತಿದ್ದಳು. ಅದಕ್ಕೆ ಕರೆಂಟಿರಲಿಲ್ಲ. ಸರಿಯೋ ತಪ್ಪೋ ಹೇಳುವವರೂ ಇರಲಿಲ್ಲ.

ಆರು ತಿಂಗಳಾದ ಮೇಲೆ ಎಲ್ಲರನ್ನೂ ಒಬ್ಬೊಬ್ಬ ಕಂಟ್ರಾಕ್ಟರನ ಕೈಕೆಳಗೆ ಕಳಿಸಿದರು. ಒಂದು ವರ್ಷ ಕಟ್ಟಡದಲ್ಲಿ ಕೆಲಸ ಮಾಡಬೇಕು. ದಿನದಿನದ ಕೆಲಸವನ್ನು ಸೂಪರ್‌ವೈಸರ್ ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆ ಪುಸ್ತಕ ನೋಡಿ ಸರ್ಟಿಫಿಕೇಟು. ಮಿಣುಕಿಗೆ ಸಿಕ್ಕಿದ್ದು ಆರು ಮಹಡಿಯ ಕಚೇರಿ ಕಟ್ಟಡ.

ಅಲ್ಲಿನ ಸೂಪರ್‌ವೈಸರ್ ಅವಳ ಕೈಗೆ ಉಳಿ, ಸುತ್ತಿಗೆ ಕೊಟ್ಟ. ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಿತ್ತು. ಆ ಗೆರೆಯುದ್ದಕ್ಕೂ ಕೊರೆಯಬೇಕು. ಕೊರೆದ ಹಳ್ಳದಲ್ಲಿ ಪೈಪು ಕೂರುತ್ತದೆ. ಪೈಪಿನೊಳಗೆ ವೈರು. ವೈರು ಎಳೆಯುವುದು ಬೇರೆಯವರ ಕೆಲಸ.

ಅವಳು ಕೊರೆದಳು. ಇಟ್ಟಿಗೆ ಪುಡಿ ಕಣ್ಣಿಗೆ, ಮೂಗಿಗೆ, ಹಲ್ಲಿನ ಸಂದಿಗೆ. ಉಗುಳಿದರೆ ಕೆಂಪು ಕೆಸರು. ಬಲಭುಜ ಊದಿತು, ಇಳಿಯಿತು, ಮತ್ತೆ ಊದಿತು. ಸುತ್ತಿಗೆ ತಪ್ಪಿ ಎಡಗೈ ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋಯಿತು. ಹೆಂಗಸರಿಗೆ ಕಕ್ಕಸು ಇರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಇರುವುದನ್ನು ಕಲಿತಳು. ಅವಳಿಗೆ ಸಿಕ್ಕ ಮೊದಲ ತರಬೇತಿ ಅದು.

ಸಂಜೆ ಪುಸ್ತಕ ಒಡ್ಡಿದರೆ ಸೂಪರ್‌ವೈಸರ್ ಬರೆಯುತ್ತಿದ್ದ: ಗೋಡೆ ಕೊರೆತ, ಸ್ವಚ್ಛತೆ. ಮಾರನೇ ದಿನ: ಸ್ವಚ್ಛತೆ, ಗೋಡೆ ಕೊರೆತ.

"ಸಾರ್, ಒಂದು ದಿನ ವೈರಿಂಗಿಗೆ ಹಾಕಿ ಸಾರ್."

"ನಿಮ್ಮಪ್ಪ ಗುಂಡಿಗೆ ಇಳೀತಿದ್ದ. ನಿನ್ನ ಮೇಲೆ ಹತ್ತಿಸಿದೀವಿ. ಸಾಲ್ದಾ?"

ಅವಳು ಪುಸ್ತಕ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಬಂದಳು. ಸರ್ಟಿಫಿಕೇಟು ಕೈಗೆ ಬರಲಿ. ಆಮೇಲೆ ಇವರ ಮುಖ ನೋಡುವ ಕೆಲಸವಿಲ್ಲ. ಹಲ್ಲು ಕಚ್ಚಿಕೊಂಡು ಇರುವುದೇ.

ಆ ಕಟ್ಟಡದಲ್ಲಿ ಅವಳನ್ನು ಮನುಷ್ಯಳಂತೆ ಮಾತಾಡಿಸುತ್ತಿದ್ದವನು ಒಬ್ಬನೇ. ಐವತ್ತೈದು ದಾಟಿದವನು, ಕಡ್ಡಿಯಂಥ ಉದ್ದನೆಯ ಮನುಷ್ಯ. ಎಲ್ಲರೂ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಕರೆಂಟಿನ ಕೆಲಸ ಮಾಡಿದ್ದ. ಕತ್ತಲಲ್ಲಿ ವೈರು ಕೊಟ್ಟರೂ ಸವರಿ ನೋಡಿ ಯಾವುದು ಎಂದು ಹೇಳುತ್ತಿದ್ದ. ಓದು ಬರೆಹ ಬಾರದ್ದರಿಂದ ಲೈಸೆನ್ಸ್ ಸಿಕ್ಕಿರಲಿಲ್ಲ. ಅವನ ಕೆಲಸಕ್ಕೆಲ್ಲ ಸೂಪರ್‌ವೈಸರ್ ಸಹಿ ಹಾಕುತ್ತಿದ್ದ.

"ಏಣಿ ಮಾವ, ನಿಮಗೆ ಬೇಜಾರಾಗಲ್ವಾ?" ಎಂದು ಅವಳು ಒಮ್ಮೆ ಕೇಳಿದಳು.

"ಆಗುತ್ತಮ್ಮ. ಆದ್ರೆ ಏಣಿ ಇರೋದೇ ಬೇರೆಯವರು ಹತ್ತೋಕಲ್ವಾ" ಎಂದು ನಕ್ಕ. ಅವನಿಗೆ ಮುಂದಿನ ಎರಡು ಹಲ್ಲಿರಲಿಲ್ಲ.

ಮಧ್ಯಾಹ್ನ ಉಳಿದವರು ಉಂಡು ಮಲಗಿದಾಗ ಅವನು ಅವಳನ್ನು ಮೂರನೇ ಮಹಡಿಗೆ ಕರೆದೊಯ್ಯುತ್ತಿದ್ದ. ಇದು ಫೇಸು, ಇದು ನ್ಯೂಟ್ರಲ್ಲು, ಇದು ಅರ್ಥು. ವೈರಿನ ಸಿಪ್ಪೆಯನ್ನು ಎಷ್ಟು ಸುಲಿಯಬೇಕು, ತಂತಿಯನ್ನು ಯಾವ ಕಡೆ ಸುತ್ತಿ ಸ್ಕ್ರೂ ಬಿಗಿಯಬೇಕು, ಎಲ್ಲ ಕೈ ಹಿಡಿದು ತೋರಿಸಿದ. "ಆಫ್ ಆಗಿದೆ ಅಂತ ಯಾರೇ ಹೇಳಲಿ, ನಿನ್ನ ಅಮ್ಮನೇ ಹೇಳಲಿ, ನಂಬಬೇಡ. ಟೆಸ್ಟರ್ ಇಟ್ಟು ನೋಡು." ಒಂದು ತಿಂಗಳಾದ ಮೇಲೆ ಅವಳು ಒಂದು ಬೋರ್ಡನ್ನು ಪೂರಾ ತಾನೇ ಜೋಡಿಸಿದಳು. ಅವನು ಟೆಸ್ಟರ್ ಇಟ್ಟು ನೋಡಿ ಸ್ವಿಚ್ಚು ಒತ್ತಿದ. ಬಲ್ಬು ಹೊತ್ತಿತು. ಅವಳಿಗೆ ನಗು ಬಂತು. ಜೊತೆಗೇ ಅಳುವೂ ಬಂತು.

"ಅಳೋಕೇನಾಯ್ತೇ? ಹತ್ತಿಲ್ಲ ಅಂದಿದ್ರೆ ಅಳಬೇಕಿತ್ತು."

ಆ ಸಂಜೆ ಪುಸ್ತಕದಲ್ಲಿ ಬರೆದದ್ದು: ಸ್ವಚ್ಛತೆ, ಗೋಡೆ ಕೊರೆತ.

ಅದಾಗಿ ಎರಡು ವಾರಕ್ಕೆ ಅದು ನಡೆಯಿತು. ಬೆಳಿಗ್ಗೆ ಹನ್ನೊಂದರ ಹೊತ್ತು. ನಾಲ್ಕನೇ ಮಹಡಿಯ ಕರೆಂಟಿನ ದೊಡ್ಡ ಪೆಟ್ಟಿಗೆಯಲ್ಲಿ ಏಣಿ ಕೆಲಸ ಮಾಡಬೇಕಿತ್ತು. ಅದಕ್ಕೆ ನೆಲಮಹಡಿಯ ಮೇನ್ ಸ್ವಿಚ್ ಇಳಿಸಬೇಕು. ಇಳಿಸಿದ ಮೇಲೆ ಬೀಗ ಹಾಕಬೇಕು. ಬೀಗ ಇರಲಿಲ್ಲ. ಎರಡು ತಿಂಗಳಿಂದ ಕೇಳುತ್ತಿದ್ದರು, ಬಂದಿರಲಿಲ್ಲ. ಏಣಿ ಮೇನ್ ಇಳಿಸಿ, 'ಕೆಲಸ ನಡೆಯುತ್ತಿದೆ, ಮುಟ್ಟಬೇಡಿ' ಎಂಬ ರಟ್ಟು ತೂಗುಹಾಕಿದ.

"ಇಲ್ಲಿ ನಿಂತ್ಕೋ. ನಾನು ಬಂದು ಹೇಳೋವರೆಗೂ ಕದಲಬೇಡ. ಬೀಗ ಇಲ್ಲ, ಇವತ್ತು ನೀನೇ ಬೀಗ."

ಅವಳು ಮೇನಿಗೆ ಬೆನ್ನು ಕೊಟ್ಟು ನಿಂತಳು.

ಅರ್ಧ ಗಂಟೆಯಾಗಿರಬಹುದು. ಕಟ್ಟಡದ ಮಾಲೀಕ ನಾಲ್ಕು ಜನರನ್ನು ಕರೆದುಕೊಂಡು ಬಂದ. ಆರನೇ ಮಹಡಿ ತೋರಿಸಬೇಕು. ಲಿಫ್ಟು ಓಡುತ್ತಿಲ್ಲ. ಸೂಪರ್‌ವೈಸರ್ ಓಡಿ ಬಂದ.

"ಮೇನ್ ಹಾಕು."

"ಏಣಿ ಮಾವ ಮೇಲಿದ್ದಾರೆ ಸಾರ್."

"ಇಳಿದಾಯ್ತು ಅವನು. ಹಾಕು."

"ಇಳಿದಿಲ್ಲ ಸಾರ್. ಬಂದು ಹೇಳ್ತೀನಿ ಅಂದಿದ್ದಾರೆ. ಒಂದ್ಸಲ ಕೂಗಿ ಕೇಳಿ ಸಾರ್."

"ಓನರ್ ನಿಂತಿದ್ದಾರೆ ಕಣೇ ಅಲ್ಲಿ. ಸರಿ ಆ ಕಡೆ."

ಅವಳು ಸರಿಯಲಿಲ್ಲ. ಎರಡೂ ಕೈ ಚಾಚಿ ಅಡ್ಡ ನಿಂತಳು. "ಹಾಕ್ಬೇಡಿ" ಎಂದಳು. ಹದಿನಾಲ್ಕು ತಿಂಗಳಲ್ಲಿ ಸಾರ್ ಎನ್ನದೆ ಅವಳು ಆಡಿದ ಮೊದಲ ಮಾತು. ಸೂಪರ್‌ವೈಸರ್ ಅವಳನ್ನು ಎಳೆಯಲು ಕೈ ಮುಂದೆ ತಂದ. ತಂದವನು ಹಿಂದೆ ತೆಗೆದುಕೊಂಡ. ಗೋಡೆಗೆ ಒರಗಿಸಿದ್ದ ಪೈಪೊಂದನ್ನು ತೆಗೆದುಕೊಂಡು, ಅದರ ತುದಿಯನ್ನು ಅವಳ ಪಕ್ಕೆಗೆ ಒತ್ತಿ ತಳ್ಳಿದ. ಸತ್ತ ನಾಯಿಯನ್ನು ದಾರಿಯಿಂದ ಸರಿಸುವ ಹಾಗೆ. ಅವಳು ಸಿಮೆಂಟಿನ ಮೂಟೆಗಳ ಮೇಲೆ ಬಿದ್ದಳು.

ಅವನು ರಟ್ಟು ಕಿತ್ತೆಸೆದು ಮೇನ್ ಎತ್ತಿದ.

ಲಿಫ್ಟಿನ ದೀಪ ಹೊತ್ತಿಕೊಂಡಿತು. ಮೇಲಿನಿಂದ ಒಂದು ಸದ್ದು ಬಂತು. ಅದು ಮನುಷ್ಯನದು ಎಂದು ಮೊದಲು ತಿಳಿಯಲಿಲ್ಲ.

ಅವಳು ಎದ್ದು, ಅವನನ್ನು ಭುಜದಿಂದ ಗುದ್ದಿ, ಮೇನ್ ಇಳಿಸಿದಳು. ನಾಲ್ಕು ಮಹಡಿ ಹತ್ತಿದಳು. ಏಣಿ ಗೋಡೆಗೆ ಒರಗಿ ಕುಳಿತಿದ್ದ. ಕಣ್ಣು ತೆರೆದಿತ್ತು. ಎರಡು ಕೈಯೂ ಮೊಣಕೈವರೆಗೆ ಕಪ್ಪು. ಬೆರಳುಗಳು ಏನನ್ನೋ ಹಿಡಿದುಕೊಂಡ ಹಾಗೆ ಮಡಿಚಿದ್ದವು. ಏನನ್ನೂ ಹಿಡಿದಿರಲಿಲ್ಲ.

"ಕದಲಿದ್ಯೇನೇ?" ಎಂದ.

"ಇಲ್ಲ ಮಾವ. ನಾನು ಕದಲಲಿಲ್ಲ."

ಅವನಿಗೆ ಕೇಳಿಸಿತೋ ಇಲ್ಲವೋ. ಕಣ್ಣು ಮುಚ್ಚಿದ.

ಮೂರನೇ ದಿನ ಆಸ್ಪತ್ರೆಯಲ್ಲಿ ಅವನ ಎರಡೂ ಕೈ ಕತ್ತರಿಸಿದರು. ನಾಲ್ಕನೇ ದಿನ ಮಿಣುಕಿಗೆ ತರಬೇತಿ ಕೇಂದ್ರದಿಂದ ಕರೆ ಬಂತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಮೇಷ್ಟ್ರು, ಕಂಟ್ರಾಕ್ಟರ್, ಸೂಪರ್‌ವೈಸರ್ ಕುಳಿತಿದ್ದರು. ಅವಳಿಗೂ ಕುರ್ಚಿ ಹಾಕಿದ್ದರು. ಇಷ್ಟು ದಿನದಲ್ಲಿ ಆ ಕಟ್ಟಡದಲ್ಲಿ ಅವಳಿಗೆ ಕುರ್ಚಿ ಹಾಕಿದ್ದು ಅದೇ ಮೊದಲು. ಅವಳಿಗೆ ಭಯವಾಯಿತು.

ಮೇಜಿನ ಮೇಲೆ ಎರಡು ಕಾಗದ. ಒಂದು ಅವಳ ಸರ್ಟಿಫಿಕೇಟು. ಅವಳ ಫೋಟೋ, ಸೀಲು, ಸಹಿ, ಎಲ್ಲ ಇತ್ತು. ಇನ್ನೊಂದರಲ್ಲಿ ನಾಲ್ಕು ಸಾಲು: ಕೆಲಸ ನಡೆಯುತ್ತಿರುವುದು ನನಗೆ ತಿಳಿಯದೆ, ತರಬೇತಿಯಲ್ಲಿರುವ ನಾನೇ ಮೇನ್ ಸ್ವಿಚ್ ಹಾಕಿದೆ. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ.

"ನಿಂಗೇನೂ ಆಗಲ್ಲ" ಎಂದರು ಮೇಷ್ಟ್ರು. ಅವರ ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು. "ಕಲಿಯೋರು ತಪ್ಪು ಮಾಡ್ತಾರೆ ಅಂತ ಬಿಟ್ಬಿಡ್ತಾರೆ. ಸಹಿ ಹಾಕು, ಸರ್ಟಿಫಿಕೇಟ್ ತಗೊಂಡು ಹೋಗು. ಇನ್ನೂ ನಾಲ್ಕು ತಿಂಗಳು ಗೋಡೆ ಒಡೀಬೇಕಾಗಿಲ್ಲ."

"ನಾನು ಹಾಕಲಿಲ್ಲ ಸಾರ್. ಇವರು ಹಾಕಿದ್ರು. ನನ್ನ ಪೈಪಲ್ಲಿ ತಳ್ಳಿ ಹಾಕಿದ್ರು."

"ಅದೆಲ್ಲ ಯಾರು ನೋಡಿದಾರೆ?"

"ಓನರ್ ನೋಡಿದಾರೆ."

"ಅವರು ಲಿಫ್ಟ್ ಕಡೆ ನೋಡ್ತಿದ್ರಂತೆ."

ಕಂಟ್ರಾಕ್ಟರ್ ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಉರುಳಿಸಿದ. ಅವಳು ಸರ್ಟಿಫಿಕೇಟನ್ನು ನೋಡಿದಳು. ತನ್ನ ಹೆಸರನ್ನು ಎರಡು ಸಲ ಓದಿದಳು. ಅದನ್ನು ಎತ್ತಿಕೊಂಡು ಮನೆಗೆ ಓಡಬೇಕು ಅನ್ನಿಸಿದ್ದು ಸುಳ್ಳಲ್ಲ. ಬೆರಳು ಪೆನ್ನಿನವರೆಗೂ ಹೋಯಿತು. ನಂತರ ಅವಳು ಎದ್ದು ನಿಂತಳು.

"ಹದಿನಾಲ್ಕು ತಿಂಗಳು ಒಂದು ಸ್ವಿಚ್ಚು ಮುಟ್ಟೋಕೆ ಬಿಡಲಿಲ್ಲ ನೀವು. ಈಗ ಮೇನೇ ಹಾಕಿದ್ದು ನಾನು ಅಂತೀರಾ?" ಸೊಂಟದಿಂದ ಪುಸ್ತಕ ತೆಗೆದು ಮೇಜಿನ ಮೇಲೆ ಬಡಿದಳು. "ಇದರಲ್ಲಿ ನೋಡಿ. ಇವರೇ ಬರೆದಿರೋದು. ಗೋಡೆ ಕೊರೆತ, ಸ್ವಚ್ಛತೆ. ಸ್ವಚ್ಛತೆ, ಗೋಡೆ ಕೊರೆತ. ಕಸ ಹೊಡಿಯೋಳು ಮೇನ್ ಹತ್ರ ಯಾಕೆ ನಿಂತಿದ್ಲು? ಹೇಳಿ. ಇವರ ಬೀಗ ಎಲ್ಲಿತ್ತು? ಹೇಳಿ."

ಸೂಪರ್‌ವೈಸರ್ ಪುಸ್ತಕವನ್ನು ತೆಗೆದುಕೊಂಡ. ಹಾಳೆ ತಿರುವಿದ. ತನ್ನ ಚೀಲದಲ್ಲಿ ಇಟ್ಟುಕೊಂಡ.

"ಕೊಡಿ ಅದನ್ನ."

"ಯಾವುದನ್ನ?" ಎಂದ ಅವನು.

ಅವಳು ಚೀಲಕ್ಕೆ ಕೈ ಹಾಕಿದಳು. ಜವಾನನನ್ನು ಕರೆದರು. ಜವಾನ ಅವಳನ್ನು ರಟ್ಟೆ ಹಿಡಿದು ಹೊರಗೆ ತಂದ. "ಯಾಕಮ್ಮ ಇದೆಲ್ಲ ನಿಂಗೆ" ಎಂದು ಮೆಲ್ಲಗೆ ಹೇಳಿ ಬಾಗಿಲು ಹಾಕಿಕೊಂಡ. ಅಮ್ಮ ಮೆಟ್ಟಿಲ ಬಳಿ ಬಕೆಟ್ಟು ಹಿಡಿದು ನಿಂತಿದ್ದಳು. ಮಗಳ ಮುಖ ನೋಡಿ ಬಕೆಟ್ಟು ಕೆಳಗಿಟ್ಟಳು.

ಮಿಣುಕಿ ಆಸ್ಪತ್ರೆಗೆ ಹೋದಳು. ಏಣಿ ಮಾವ ಬದುಕಿದ್ದಾನೆ, ಅವನು ನಿಜ ಹೇಳುತ್ತಾನೆ. ಅವಳಿಗೆ ಉಳಿದಿದ್ದ ಭರವಸೆ ಅದೊಂದೇ. ವಾರ್ಡಿನ ಬಾಗಿಲಲ್ಲೇ ಅವನ ಹೆಂಡತಿ ತಡೆದಳು. ಕುಳ್ಳಗಿನ ಹೆಂಗಸು. ಬಲಗೈ ಹೆಬ್ಬೆರಳು ನೀಲಿಯಾಗಿತ್ತು.

"ಏನಕ್ಕ ಇದು?"

"ಹೆಬ್ಬೆಟ್ಟು ಒತ್ತಿದೆ. ಅವರಿಗೆ ಒತ್ತೋಕೆ ಕೈ ಇಲ್ವಲ್ಲ, ನಾನು ಒತ್ತಿದೆ."

"ಏನಂತ ಬರೆದಿತ್ತು?"

"ನೀನು ಹಾಕ್ದೆ ಅಂತ."

"ನಾನು ಹಾಕಲಿಲ್ಲ ಅಂತ ನಿಮಗೆ ಗೊತ್ತಲ್ಲಕ್ಕ."

"ಗೊತ್ತು. ಅವರು ಹೇಳಿದಾರೆ. ಪ್ರಜ್ಞೆ ಬಂದಾಗೆಲ್ಲ, ಆ ಹುಡುಗಿ ಕದಲಿಲ್ಲ ಅಂತಾನೇ ಹೇಳ್ತಾರೆ." ಅವಳು ಕಣ್ಣೀರು ಹಾಕಲಿಲ್ಲ. ಅವಳ ಕಣ್ಣು ಒಣಗಿಹೋಗಿತ್ತು. "ಒತ್ತಿದ್ರೆ ಆಸ್ಪತ್ರೆದು ನೋಡ್ಕೋತೀವಿ ಅಂದ್ರು. ಒತ್ತದಿದ್ರೆ ಇವತ್ತೇ ಕರ್ಕೊಂಡು ಹೋಗು ಅಂದ್ರು. ಎಲ್ಲಿಗೆ ಕರ್ಕೊಂಡು ಹೋಗಲಿ ನಾನು? ಅವರಿಗೆ ಅನ್ನ ಬಾಯಿಗೆ ಇಡಬೇಕು, ಅಂಡು ತೊಳೀಬೇಕು. ನಿನ್ನ ನಿಜ ಇಟ್ಕೊಂಡು ನಾನೇನು ಮಾಡಲಿ, ಹೇಳು. ನೀನೇ ಹೇಳು."

ಮಿಣುಕಿ ಆ ಹೆಂಗಸಿನ ಮೇಲೆ ಸಿಟ್ಟು ಬರಲಿ ಎಂದು ಕಾದಳು. ಬರಲಿಲ್ಲ. ಒಳಗೆ ಹೋಗಿ ಮಾವನ ಮುಖಕ್ಕೆ ಮುತ್ತಿದ್ದ ನೊಣಗಳನ್ನು ಓಡಿಸುತ್ತಾ ಸಂಜೆಯವರೆಗೆ ಕುಳಿತಳು. ಅವನು ಏಳಲಿಲ್ಲ.

ನಡೆದದ್ದನ್ನು ಬರೆದು ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಹಾಕಿದಳು. ಹನ್ನೊಂದು ಸಲ ಅಲೆದಳು. ಹನ್ನೆರಡನೇ ಸಲ ಅಲ್ಲಿನ ಅಧಿಕಾರಿ ಒಂದು ಪುಸ್ತಕ ತೆಗೆದು ಅವಳ ಮುಂದಿಟ್ಟ. ಹೊಸ ಪುಸ್ತಕ. ಮೇಲೆ ಅವಳ ಹೆಸರು. ಒಳಗೆ ದಿನದಿನದ ಕೆಲಸ, ದುಂಡಗಿನ ಅಕ್ಷರ: ವೈರು ಎಳೆದದ್ದು, ಬೋರ್ಡು ಜೋಡಿಸಿದ್ದು, ಅರ್ಥ್ ಪರೀಕ್ಷೆ, ಮೇನ್ ಸ್ವಿಚ್ ನಿರ್ವಹಣೆ. ಹಾಳೆ ಹಾಳೆಗೂ ಸೂಪರ್‌ವೈಸರನ ಸಹಿ. ಅವಳು ಕಲಿಯಬೇಕೆಂದು ಆಸೆಪಟ್ಟ ಕೆಲಸವೆಲ್ಲ ಅದರಲ್ಲಿತ್ತು. ಕಾಗದದ ಮೇಲೆ ಅವಳು ಒಳ್ಳೆಯ ಎಲೆಕ್ಟ್ರಿಷಿಯನ್ ಆಗಿದ್ದಳು.

"ಇಷ್ಟೆಲ್ಲ ಕಲಿಸಿದಾರೆ ನಿಂಗೆ" ಎಂದ ಅಧಿಕಾರಿ. "ಆದ್ರೂ ಹಿಂಗೆ ಮಾಡ್ಬಿಟ್ಯಲ್ಲಮ್ಮ."

"ಇದು ನನ್ನ ಪುಸ್ತಕ ಅಲ್ಲ ಸಾರ್. ನನ್ನದರಲ್ಲಿ ಇದ್ಯಾವುದೂ ಇರ್ಲಿಲ್ಲ."

"ಹಂಗಾದ್ರೆ ನಿನ್ನದನ್ನ ತಗೊಂಡು ಬಾ."

ಅವಳ ಅರ್ಜಿ ವಜಾ ಆಯಿತು. ತರಬೇತಿಯಿಂದ ಹೆಸರು ಹೊಡೆದುಹಾಕಿದರು. ಮತ್ತೆಲ್ಲಿಯೂ ಸೇರಿಸಿಕೊಳ್ಳಬಾರದೆಂದು ಸುತ್ತೋಲೆ ಹೋಯಿತು. ಬೇರೆ ಬೇರೆ ಕಟ್ಟಡಗಳಿಗೆ ಹೋಗಿ ಕೆಲಸ ಕೇಳಿದಳು. ಗೋಡೆ ಕೊರೆಯುವ ಕೆಲಸ ಸಿಕ್ಕಿತು. ಅದಕ್ಕೆ ಸರ್ಟಿಫಿಕೇಟು ಬೇಡ. ಬೆಳಿಗ್ಗೆ ಉಳಿ ಹಿಡಿದರೆ ಸಂಜೆ ಬಿಡುವುದು. ಹಳ್ಳ ಕೊರೆದು ಕೊಟ್ಟು ಪಕ್ಕಕ್ಕೆ ನಿಲ್ಲುತ್ತಿದ್ದಳು. ಇಪ್ಪತ್ತರ ಹುಡುಗರು ಬಂದು ವೈರು ಎಳೆಯುತ್ತಿದ್ದರು. ಕೆಲವರು ತಪ್ಪು ಎಳೆಯುತ್ತಿದ್ದರು. ಮೊದಮೊದಲು ಹೇಳುತ್ತಿದ್ದಳು. "ನಿನ್ನ ಕೆಲಸ ನೀನು ನೋಡಮ್ಮ" ಅನ್ನುತ್ತಿದ್ದರು. ಆಮೇಲೆ ಹೇಳುವುದನ್ನು ಬಿಟ್ಟಳು.

ಅಮ್ಮ ಕೇಂದ್ರದ ಕೆಲಸ ಬಿಡಲಿಲ್ಲ. ಬಿಟ್ಟರೆ ಒಲೆ ಹೊತ್ತುವುದಿಲ್ಲ. ಅದೇ ಮೇಷ್ಟ್ರ ಕೋಣೆ, ಅದೇ ನೆಲ. ಅಲ್ಲಿನ ವಿಷಯ ಮನೆಯಲ್ಲಿ ಇಬ್ಬರೂ ಎತ್ತುತ್ತಿರಲಿಲ್ಲ.

ಮುಂದಿನ ವರ್ಷ ಹೊಸ ತಂಡ ಸೇರಿದ ವಾರ. ಮಿಣುಕಿಗೆ ಜ್ವರ, ಕೆಲಸಕ್ಕೆ ಹೋಗಿರಲಿಲ್ಲ. ಮಧ್ಯಾಹ್ನವೇ ಅಮ್ಮ ಮನೆಗೆ ಬಂದಳು. ಎಂದೂ ಆ ಹೊತ್ತಿಗೆ ಬಂದವಳಲ್ಲ. ಬಂದವಳು ಹೊಸ್ತಿಲ ಮೇಲೆ ಕುಳಿತಳು. ಕಾಲು ತೊಳೆಯಲಿಲ್ಲ.

"ಯಾಕಮ್ಮ, ಇಷ್ಟು ಬೇಗ?"

"ಇವತ್ತು ಮೇಷ್ಟ್ರು ನಿನ್ನ ಪಾಠ ಮಾಡಿದ್ರು."

"ನನ್ನ ಪಾಠ?"

"ಹೊಸಬರಿಗೆ. ಹುಷಾರಾಗಿ ಇರೋದು ಹೆಂಗೆ ಅಂತ. ಇಂಥ ಒಬ್ಬಳು ಇಲ್ಲೇ ಕಲಿಯೋಕೆ ಬಂದಿದ್ಲು, ಮೈಮೇಲೆ ಜ್ಞಾನ ಇಲ್ದೆ ಮೇನ್ ಹಾಕಿದ್ಲು, ಒಬ್ಬ ಮುದುಕನ ಎರಡು ಕೈ ಹೋಯ್ತು ಅಂದ್ರು. ಅವಳ ಥರ ಆಗ್ಬೇಡಿ ಅಂದ್ರು. ಎಲ್ರೂ ಬರ್ಕೊಂಡ್ರು." ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಪ್ರತಿ ವರ್ಷಾನೂ ಮಾಡ್ತಾರಂತೆ ಇನ್ಮೇಲೆ. ಪಾಠದಲ್ಲಿ ಸೇರಿಸಿದಾರಂತೆ."

ಮಿಣುಕಿ ಚಾಪೆಯ ಮೇಲೆ ಎದ್ದು ಕುಳಿತಳು.

"ನಾನು ಒಳಗೆ ಹೋದೆ" ಎಂದಳು ಅಮ್ಮ.

"ಎಲ್ಲಿ ಒಳಗೆ?"

"ಕ್ಲಾಸೊಳಗೆ. ಅದು ಸುಳ್ಳು ಅಂದೆ."

ಮೂವತ್ತು ವರ್ಷ ಆ ಕಟ್ಟಡದಲ್ಲಿ ಯಾರ ಎದುರೂ ದನಿ ಎತ್ತದ ಅಮ್ಮ. ಮಿಣುಕಿ ಅವಳ ಮುಖವನ್ನೇ ನೋಡಿದಳು.

"ಏನಂದ್ರು?"

"ನಕ್ಕರು. ಕಸ ಹೊರಗಿದೆ, ಅಲ್ಲಿ ನೋಡು ಹೋಗು ಅಂದ್ರು."

"ನೀನು?"

"ಇನ್ನೊಂದ್ಸಲ ಹೇಳ್ದೆ."

"ಆಮೇಲೆ?"

"ಹೊರಗೆ ತಳ್ಳಿ ಬಾಗಿಲು ಹಾಕ್ಕೊಂಡ್ರು. ನಾಳೆಯಿಂದ ಬರ್ಬೇಡ ಅಂದ್ರು." ಅಮ್ಮ ತನ್ನ ಅಂಗೈಗಳನ್ನು ನೋಡಿಕೊಂಡಳು. ಬಾಗಿಲು ಬಡಿದು ಬಡಿದು ಎರಡೂ ಕೆಂಪಗೆ ಊದಿದ್ದವು. "ಹೊರಗೆ ನಿಂತ್ಕೊಂಡೇ ಹೇಳ್ದೆ. ನನ್ನ ಮಗಳು ಹಾಕಲಿಲ್ಲ, ಅಡ್ಡ ನಿಂತಿದ್ಲು ಅಂತ. ಗಂಟಲು ಕಟ್ಟೋವರೆಗೂ ಹೇಳ್ದೆ."

"ಒಳಗೆ ಕೇಳಿಸ್ತಾ ಅಮ್ಮ?"

"ಗೊತ್ತಿಲ್ಲ ಮಗಾ" ಎಂದಳು ಅಮ್ಮ. "ಒಳಗೆ ಪಾಠ ನಡೀತಾನೇ ಇತ್ತು."